ಹದಿನಾಲ್ಕನೆಯ ಪ್ಯಾರಾ

ನವೆಂಬರ್ 5, 1980, ಬುಧವಾರ

ನಿನ್ನೆಯ ಚುನಾವಣೆಯಲ್ಲಿ ನಮ್ಮ ಅಧ್ಯಕ್ಷರು ಸೋತರು. ಸೋತರು ಎಂದರೆ ಸಾಲದು, ಮಣ್ಣು ಮುಕ್ಕಿದರು. ಇಂದು ಬೆಳಿಗ್ಗೆ ಇಪ್ಪತ್ತಮೂರನೆಯ ಬೀದಿಯಲ್ಲಿ ಬಸ್ಸಿಳಿದಾಗ ಪೊಟೋಮ್ಯಾಕ್ ನದಿಯ ಮಂಜು ನಮ್ಮ ವಿದೇಶಾಂಗ ಇಲಾಖೆಯ ಕಟ್ಟಡವನ್ನು ಅರ್ಧಕ್ಕೆ ನುಂಗಿತ್ತು. ಕೆಳಗಿನ ಮೂರು ಮಹಡಿಗಳಿಲ್ಲ, ಮೇಲಿನ ಐದು ತೇಲುತ್ತಿವೆ. ನೆಲವೇ ಇಲ್ಲದ ಮನೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದೆನೇ ಎಂದುಕೊಂಡು ಸ್ವಲ್ಪ ಹೊತ್ತು ನಿಂತು ನೋಡಿದೆ. ಚಳಿಗೆ ಕಿವಿ ನೋಯತೊಡಗಿದ ಮೇಲೆ ಒಳಗೆ ಹೋದೆ.

ನಮ್ಮ ಟೈಪಿಸ್ಟ್ ಶ್ರೀಮತಿ ಪಿಂಕ್ನಿ ಆಗಲೇ ಬಂದು ಟೈಪ್ ಯಂತ್ರಕ್ಕೆ ಹೊಸ ರಿಬ್ಬನ್ ಹಾಕುತ್ತಿದ್ದರು.

"ಏನಮ್ಮಾ, ಇಷ್ಟು ಬೇಗ?"

"ಮತ್ತಿನ್ನೇನ್ ಸಾರ್. ಹೊಸಬ್ರು ಬರ್ತಾರೆ. ಬಂದ ತಕ್ಷಣ, ಮಾಸ್ಕೋ ಜೊತೆ ಹೆಂಗಿರ್ಬೇಕು ಅಂತ ಹೊಸದಾಗಿ ಬರ್ಕೊಡಿ ಅಂತಾರೆ. ನೀವು ಹಳೇದನ್ನೇ ಹೊಸದಾಗಿ ಬರೀತೀರಿ. ನಾನು ಟೈಪ್ ಮಾಡ್ತೀನಿ. ಇದು ಆರನೇ ಸಲ."

ಬಾಯಿ ಜೋರು, ಆದರೆ ಲೆಕ್ಕ ಸರಿ. ಮೊದಲ ಅಧ್ಯಕ್ಷರು "ಮಾಸ್ಕೋ ಎಲ್ಲಿ ತಲೆಯೆತ್ತಿದರೂ ಅಲ್ಲೇ ತಡೆಯಬೇಕು" ಎಂದರು. ಗುಂಡೇಟಿಗೆ ಅವರು ಹೋದಮೇಲೆ ಬಂದವರು ಅದನ್ನೇ ಇನ್ನೂ ದಪ್ಪ ಅಕ್ಷರದಲ್ಲಿ ಬರೆಸಿದರು. ಮೂರನೆಯವರು "ಬಿಗುವು ಸಡಿಲಿಸಬೇಕು" ಎಂದರು. ನಾಲ್ಕನೆಯವರು ಸಡಿಲಿಸುವ ಮಾತನ್ನೇ ಬಾಯಲ್ಲಿ ಆಡಬೇಡಿ, ಆದರೆ ಸಡಿಲಿಸಿ ಎಂದರು. ನಿನ್ನೆ ಸೋತವರು "ಮನುಷ್ಯರ ಹಕ್ಕಿನ ಮಾತೆತ್ತಿ" ಎಂದರು, ಕೊನೆಗೆ ಅಫ್ಘಾನಿಸ್ತಾನದಲ್ಲಿ ಟ್ಯಾಂಕು ಕಂಡು ಮೊದಲನೆಯವರ ಮಾತಿಗೇ ಹಿಂದಿರುಗಿದರು. ಐವರಿಗೂ ಪದ ಹೊಂದಿಸಿ ಕೊಟ್ಟವನು ನಾನು, ಆಲ್ಡನ್ ಥರ್ಲೋ, ವಯಸ್ಸು ಐವತ್ತೇಳು. ಬರೆಯುವವರ ಹೆಸರು ಆ ನೀತಿಯ ಕಾಗದದ ಮೇಲೆ ಎಲ್ಲೂ ಇರುವುದಿಲ್ಲ. ಅದೇ ಪದ್ಧತಿ.

ಐದು ಸಲವೂ ಅಲುಗಾಡದೆ ಉಳಿದದ್ದು ಒಂದೇ: ನನ್ನ ಹದಿನಾಲ್ಕನೆಯ ಪ್ಯಾರಾ. "ಎದುರಾಳಿ ಹೆದರಿದಾಗಲೇ ಹೆಚ್ಚು ಅಪಾಯಕಾರಿ. ಆದ್ದರಿಂದ ಮಾನ ಉಳಿಸಿಕೊಂಡು ಹಿಂದೆ ಸರಿಯಲು ಅವನಿಗೆ ಒಂದು ಬಾಗಿಲನ್ನು ಯಾವಾಗಲೂ ತೆರೆದಿಟ್ಟಿರಬೇಕು." 1961ರಲ್ಲಿ ಬರೆದದ್ದು. ಪ್ರತಿ ಸಲವೂ ಅದನ್ನು ಕಾಪಾಡಿಕೊಂಡು ಬಂದಿದ್ದೇನೆ. ಇಷ್ಟು ಜಂಬ ನನಗೆ ನಾನೇ ಕೊಚ್ಚಿಕೊಂಡರೆ ಯಾರಿಗೂ ನಷ್ಟವಿಲ್ಲ.

ನವೆಂಬರ್ 19, ಬುಧವಾರ

ಹೊಸ ಅಧ್ಯಕ್ಷರ ಕಡೆಯವರು ಬಂದರು. ನಮ್ಮ ವಿಭಾಗಕ್ಕೆ ಬಂದವನ ಹೆಸರು ಲೈಲ್ ಕ್ರೌಚ್, ಮೂವತ್ತಾರು ವರ್ಷ. ಕೈಕುಲುಕಿದ ರೀತಿಯಲ್ಲೇ ಯಾರ ಕೈ ಮೇಲೆ ಎಂದು ತಿಳಿಸಿದ. ಕುರ್ಚಿ ಎಳೆದುಕೊಂಡು ಕೂತು ಹಳೆಯ ಐದೂ ಕಾಗದ ಕೇಳಿದ. ಮಧ್ಯಾಹ್ನದ ಹೊತ್ತಿಗೆ ಓದಿ ಮುಗಿಸಿಬಿಟ್ಟಿದ್ದ. ಅದಕ್ಕೆ ನನಗೆ ಸ್ವಲ್ಪ ಬೇಜಾರಾಯಿತು. ಅವುಗಳನ್ನು ಬರೆಯಲು ನನಗೆ ಹತ್ತೊಂಬತ್ತು ವರ್ಷ ಬೇಕಾಗಿತ್ತು.

"ಥರ್ಲೋ ಅವ್ರೇ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಈ ಐದರಲ್ಲಿ ಒಂದ್ರಲ್ಲಾದ್ರೂ ನಾವು ಗೆಲ್ಲಬೇಕು ಅಂತ ಬರ್ದಿದೀರಾ?"

"ಉಳೀಬೇಕು ಅಂತ ಬರ್ದಿದೀನಿ."

"ಅದೇ ನೋಡಿ," ಎಂದು ನಕ್ಕ. ಕೆಟ್ಟ ನಗೆಯಲ್ಲ. ಒಳ್ಳೆಯ ಹಲ್ಲುಗಳು.

ಊಟದ ನಂತರ ಕೂತಲ್ಲೇ ಜೋಂಪು ಹತ್ತಿತು. ಮಾಸ್ಕೋದಲ್ಲಿದ್ದೆ. ನಾನು ಎಂದೂ ಕಾಲಿಡದ ಊರು, ಆದರೂ ನಕಾಶೆ ನೋಡಿ ನೋಡಿ ಬೀದಿಗಳೆಲ್ಲ ಬಾಯಿಪಾಠ. ಮರಗಳ ಸಾಲಿನ ಕೆಳಗೆ ಒಂದು ಟ್ರಾಮು ಸದ್ದಿಲ್ಲದೆ ಬಂತು. ಒಳಗೆ ಒಬ್ಬನೇ ಪ್ರಯಾಣಿಕ, ತೊಡೆಯ ಮೇಲೆ ಕಡತ. ಮುಖವಿರಲಿಲ್ಲ. ಅವರಲ್ಲೂ ನಮ್ಮ ಬಗ್ಗೆ ಇಂಥದೊಂದು ಕಾಗದ ಬರೆಯುವವನು ಇರಲೇಬೇಕಲ್ಲ ಎಂದು ಕನಸಿನಲ್ಲೇ ಯೋಚಿಸಿದೆ.

ಡಿಸೆಂಬರ್ 4, ಗುರುವಾರ

ಇಂದು ಸಂತೋಷದ ಸುದ್ದಿ.

ಲೈಲ್ ನನ್ನನ್ನು ಕೆಳಗಿನ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಬೀನ್ಸ್ ಸೂಪು ಕುಡಿಸಿದ. ತಾನೂ ಕುಡಿದ. ಆಮೇಲೆ ಹೇಳಿದ:

"ನೀವು ಇಷ್ಟು ವರ್ಷ ಇದ್ರೂ ಮಾಸ್ಕೋಗೆ ಹೋಗೇ ಇಲ್ವಂತೆ?"

"ಪ್ರತಿ ಸಲ ಕೇಳ್ದೆ. ಪ್ರತಿ ಸಲ ಹೊಸಬ್ರು ಬಂದು, ಹಳೇ ಕಡತ ಗೊತ್ತಿರೋನು ಇವನೊಬ್ನೇ, ಇವನನ್ನ ಬಿಡೋಕಾಗಲ್ಲ ಅಂದ್ರು."

"ನಾನು ಬಿಡ್ತೀನಿ. ಏಪ್ರಿಲ್‌ನಲ್ಲಿ ಅಲ್ಲಿನ ರಾಯಭಾರ ಕಚೇರೀಲಿ ಒಂದು ಜಾಗ ಖಾಲಿ ಆಗುತ್ತೆ, ಎರಡು ವರ್ಷಕ್ಕೆ. ಈ ಕಾಗದ ಒಂದನ್ನ ನಮಗೆ ಬೇಕಾದ ಹಾಗೆ ಶುದ್ಧವಾಗಿ ಬರ್ದುಕೊಟ್ಟು ಹೊರಡಿ. ಇದು ಮಾತು."

ಎರಡು ವರ್ಷ! ಆ ಟ್ರಾಮನ್ನು ನಿಜವಾಗಿ ಹತ್ತಬಹುದು. ಬೀದಿಗಳ ವಾಸನೆ ಏನೆಂದು ತಿಳಿಯಬಹುದು, ಯಾವ ನಕಾಶೆಯಲ್ಲೂ ಅದಿಲ್ಲ. ಮನೆಗೆ ಬಂದು ನೆಲ್‌ಗೆ ಹೇಳಿದೆ. ನನ್ನ ಹೆಂಡತಿ ಸುಲಭಕ್ಕೆ ಕುಣಿಯುವವಳಲ್ಲ. ಒಲೆ ಆರಿಸಿ ಬಂದು ನನ್ನನ್ನು ತಬ್ಬಿಕೊಂಡಳು.

ಡಿಸೆಂಬರ್ 6, ಶನಿವಾರ

ಮಾಸ್ಕೋದ ಚಳಿಗೆಂದು ನೆಲ್ ಉಣ್ಣೆಯ ಒಳಪದರದ ಬೂಟು ಕೊಂಡುಕೊಂಡಳು. ಮನೆಯೊಳಗೆಲ್ಲ ಹಾಕಿಕೊಂಡು ತಿರುಗಿದಳು. ಪೋಲೆಂಡಿನ ಗಡಿಯಲ್ಲಿ ಸೋವಿಯತ್ ಸೇನೆ ಜಮಾಯಿಸಿದೆ ಎಂದು ಪತ್ರಿಕೆಯಲ್ಲಿತ್ತು. ಅದರ ಮೇಲೆಯೇ ಬೂಟಿನ ಪೆಟ್ಟಿಗೆ ಇಟ್ಟಿದ್ದಳು.

ಡಿಸೆಂಬರ್ 15, ಸೋಮವಾರ

ಕರಡು ಚೆನ್ನಾಗಿ ಸಾಗುತ್ತಿದೆ. "ತಡೆಯಬೇಕು" ಇದ್ದ ಕಡೆಯೆಲ್ಲ "ಮಣಿಸಬೇಕು" ಬಂದಿದೆ. ಪದ ಬದಲಿಸುವುದು ನನಗೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭ. ಹದಿನಾಲ್ಕು ಹಾಗೇ ಇದೆ.

ಮತ್ತೆ ಕನಸಿನಲ್ಲಿ ಟ್ರಾಮು. ಈ ಸಲ ಅವನಿಗೆ ಮುಖವಿತ್ತು, ನನ್ನದೇ ವಯಸ್ಸು. ಬೆರಳಿಗೆ ಮಸಿ. ಹೊರಗೆ ನೋಡುತ್ತಾ, "ನಿಮ್ಮಲ್ಲಿ ಹೊಸಬರು ಬಂದರಂತೆ" ಎಂದ. ಹೌದೆಂದೆ. "ನಮ್ಮಲ್ಲಿ ಹಳಬರೇ, ಸಾಯುವತನಕ," ಎಂದು ನಿಟ್ಟುಸಿರಿಟ್ಟ. ಎದ್ದ ಮೇಲೂ ಆ ನಿಟ್ಟುಸಿರು ಕೋಣೆಯಲ್ಲಿದ್ದಂತಿತ್ತು. ಬಹುಶಃ ಮನೆ ಬೆಚ್ಚಗಿಡುವ ಉಗಿಕೊಳವೆಯದು.

ಜನವರಿ 9, 1981, ಶುಕ್ರವಾರ

ಹೊಸ ಯಂತ್ರ ಬಂದಿದೆ. ಟೈಪ್ ಮಾಡಿದ್ದು ಕಾಗದದ ಮೇಲೆ ಬೀಳುವುದಿಲ್ಲ, ಹಸಿರು ಅಕ್ಷರಗಳಾಗಿ ಪರದೆಯ ಮೇಲೆ ನಿಲ್ಲುತ್ತದೆ. ನೀರಿನಾಳದಲ್ಲಿ ಬರೆದ ಹಾಗೆ. ಕರಡನ್ನೆಲ್ಲ ಅದರೊಳಗೆ ಹಾಕಿದ್ದರು. ಲೈಲ್ ಅದರ ಮುಂದೆ ಕೂತು ನನ್ನನ್ನು ಕರೆದ.

"ಈ ಹದಿನಾಲ್ಕು ಬೇಡ."

"ಅದು ಯಾವಾಗ್ಲೂ ಇದೆ."

"ಅದಕ್ಕೇ ಬೇಡ. ಬಾಗಿಲು ಯಾಕ್ರೀ ಅವರಿಗೆ? ಗೋಡೆಗೆ ಒತ್ತಿ ಹಿಡಿದ್ರೆ ತಾವೇ ಕುಸೀತಾರೆ. ಒಳಗೆಲ್ಲ ಗೆದ್ದಲು ಹಿಡಿದಿದೆ ಅಂತ ನೀವೇ ಮೂರನೇ ಪ್ಯಾರಾದಲ್ಲಿ ಬರ್ದಿದೀರಲ್ಲ?"

ಅವನ ವಾದ ಪೊಳ್ಳಲ್ಲ. ಅದೇ ನನ್ನ ಬಾಯಿ ಕಟ್ಟಿದ್ದು. ಅವನು ಒಂದು ಗುಂಡಿ ಒತ್ತಿದ. ಹದಿನಾಲ್ಕು ಮಾಯವಾಯಿತು. ಹದಿನೈದು ಮೆಲ್ಲಗೆ ಮೇಲೆ ಸರಿದು ಹದಿನಾಲ್ಕಾಯಿತು, ಹದಿನಾರು ಹದಿನೈದಾಯಿತು. ಕೊನೆಯತನಕ ಒಂದೊಂದೂ ತನ್ನ ಸಂಖ್ಯೆ ಬದಲಿಸಿಕೊಂಡು ಸಾಲಾಗಿ ನಿಂತಿತು. ಖಾಲಿ ಜಾಗವೇ ಉಳಿಯಲಿಲ್ಲ.

"ಆಕ್ಷೇಪ ಇದೆಯಾ?"

ನಾನು ಏನೂ ಹೇಳಲಿಲ್ಲ. ನಮ್ಮಲ್ಲಿ ಸುಮ್ಮನಿದ್ದರೆ ಒಪ್ಪಿಗೆ ಎಂದೇ ಅರ್ಥ.

ಜನವರಿ 10, ಶನಿವಾರ

ಲೈಲ್ ಎಳಸು, ಅಹಂಕಾರಿ, ಹಲ್ಲುಕಿರಿಯುವವ. ಐವರು ಅಧ್ಯಕ್ಷರ ಕಾಲದಲ್ಲಿ ಎದೆಯೊಡ್ಡಿ ಉಳಿಸಿಕೊಂಡದ್ದನ್ನು ಒಂದು ಬೆರಳಿನಲ್ಲಿ ಅಳಿಸಿದ. ದಿನವಿಡೀ ಕುದಿಯುತ್ತಿದ್ದೆ. ನೆಲ್ ರಷ್ಯನ್ ಕಲಿಯುವ ಪುಸ್ತಕ ಹಿಡಿದು "ಬ್ರೆಡ್ಡು ಎಲ್ಲಿದೆ? ಬ್ರೆಡ್ಡು ಇಲ್ಲ" ಎಂದು ಗಟ್ಟಿಯಾಗಿ ಓದುತ್ತಿದ್ದಳು.

ಜನವರಿ 14, ಬುಧವಾರ

ಇದನ್ನು ಬರೆಯಬಾರದು ಎಂದುಕೊಂಡಿದ್ದೆ.

ಮಧ್ಯಾಹ್ನ ಶ್ರೀಮತಿ ಪಿಂಕ್ನಿಯವರ ಮೇಜಿನ ಬಳಿ ನಿಂತು ಗೊಣಗಿದೆ. ಅವರು ಮನೆಯಿಂದ ತಂದಿದ್ದ ಗೆಣಸಿನ ಕಡುಬಿನ ಒಂದು ತುಂಡು ನನಗೆ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಐದು ಸಲ ಉಳಿಸಿದೆ, ಆರನೆಯ ಸಲ ಆಗಲಿಲ್ಲ ಎಂದೆ.

"ಯಾರು ಉಳಿಸಿದ್ದು ಸಾರ್?"

"ನಾನೇ."

ಅವರು ಕಪಾಟಿನಿಂದ ಒಂದು ಹಳದಿ ಕಡತ ತೆಗೆದರು. 1969ರ ಜನವರಿಯ ಕರಡು. ಹದಿನಾಲ್ಕನೆಯ ಪ್ಯಾರಾದ ಮೇಲೆ ಉದ್ದಕ್ಕೂ ನೀಲಿ ಪೆನ್ಸಿಲಿನ ಗೀಟು. ಪಕ್ಕದಲ್ಲಿ "ತೆಗೆಯಿರಿ, ಹೊಸಬರಿಗೆ ಹಿಡಿಸದು" ಎಂದಿತ್ತು. ಅಕ್ಷರ ನನ್ನದು. ನೆನಪೇ ಇಲ್ಲ. ಎಪ್ಪತ್ತೇಳರ ಕರಡಿನಲ್ಲೂ ಅದೇ ಪೆನ್ಸಿಲು, ಅದೇ ಕೈ.

"ಮತ್ತೆ ಇದು ಉಳೀತಲ್ಲ?"

"ನಾನು ಟೈಪ್ ಮಾಡ್ದೆ."

"ನಾನು ತೆಗೀರಿ ಅಂದಿದ್ದೆ!"

"ಅಂದಿದ್ರಿ. ಶುಕ್ರವಾರ ಸಾಯಂಕಾಲ ನಾಲ್ಕು ಗಂಟೆಗೆ ಅಂದಿದ್ರಿ. ಹದಿನಾಲ್ಕು ತೆಗೆದ್ರೆ ಹದಿನೈದರಿಂದ ಅರವತ್ತರವರೆಗೆ ಎಲ್ಲ ನಂಬರೂ ಬದಲಾಗುತ್ತೆ. ಮೂವತ್ತು ಪುಟ, ಆರು ಕಾರ್ಬನ್ನು. ನಂಗೇನ್ ಹುಚ್ಚಾ? ಹಾಗೇ ಬಿಟ್ಟೆ. ಯಾರೂ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ."

ನಾನು ಕಡುಬು ಹಿಡಿದುಕೊಂಡೇ ನಿಂತೆ. ಎರಡು ಆಡಳಿತಗಳು ಒಂದು ದೇಶದ ಎದುರು ಬಾಗಿಲು ತೆರೆದಿಟ್ಟಿದ್ದು ಮೂವತ್ತು ಪುಟ ಮತ್ತೆ ಟೈಪ್ ಮಾಡಲು ಇವರಿಗೆ ಬೇಜಾರಾದ್ದರಿಂದ. ನಗು ಬಂತು, ಆಮೇಲೆ ಬರಲಿಲ್ಲ.

"ಬರೀ ಅದಕ್ಕೇನಾ?" ಎಂದೆ.

ಅವರು ಕಡತ ಮುಚ್ಚಿದರು. "ಎಪ್ಪತ್ತೇಳರಲ್ಲಿ ಟೈಮ್ ಇತ್ತು ಸಾರ್. ಆದ್ರೆ ಇಷ್ಟು ವರ್ಷ ನೀವು ಬರ್ದಿದ್ದೆಲ್ಲಾ ಟೈಪ್ ಮಾಡಿದೀನಿ. ನಂಗೆ ಅರ್ಥ ಆಗಿದ್ದು ಅದೊಂದೇ."

ನಾಚಿಕೆಯಾಯಿತು. ಇನ್ನೂ ಆಗುತ್ತಿದೆ.

ಜನವರಿ 20, ಮಂಗಳವಾರ

ಹೊಸ ಅಧ್ಯಕ್ಷರ ಪ್ರಮಾಣವಚನ. ತೋಪುಗಳ ಸದ್ದು ಏಳನೆಯ ಮಹಡಿಯ ಗಾಜಿಗೂ ತಟ್ಟಿತು. ಇರಾನಿನಲ್ಲಿ ಹಿಡಿದಿಟ್ಟಿದ್ದ ನಮ್ಮವರು ಬಿಡುಗಡೆಯಾದರು. ಮೊಗಸಾಲೆಯಲ್ಲಿ ಎಲ್ಲರೂ ಅತ್ತರು. ನಾನೂ ಅತ್ತೆ, ಲೈಲ್‌ನ ಹೆಗಲ ಮೇಲೆ.

ಜನವರಿ 27, ಮಂಗಳವಾರ

ಕನಸು. ಟ್ರಾಮು ನಿಂತಿತ್ತು. ಅವನು ಇಳಿಯಲು ಎದ್ದ, ಬಾಗಿಲಿರಲಿಲ್ಲ. ಎರಡೂ ಕಡೆ ಕೈಯಿಂದ ತಡಕಾಡಿದ. ನನ್ನ ಕಡೆ ತಿರುಗಿ ಕೋಪದಿಂದಲ್ಲ, ಸುಮ್ಮನೆ ನೋಡಿದ. ಅಷ್ಟರಲ್ಲಿ ಗೊತ್ತಾಯಿತು, ನಾನೂ ಒಳಗೇ ಇದ್ದೇನೆ.

ಫೆಬ್ರವರಿ 3, ಮಂಗಳವಾರ

ಊಟದ ಮೇಜಿನಲ್ಲಿ ನೆಲ್‌ಗೆ ಎಲ್ಲ ಹೇಳಿದೆ. ನೀಲಿ ಪೆನ್ಸಿಲಿನ ವಿಷಯವನ್ನೂ ಮುಚ್ಚಿಡಲಿಲ್ಲ. ಹದಿಮೂರನೆಯ ತಾರೀಕು ಎಲ್ಲ ವಿಭಾಗದವರು ಕೂತು ಕಾಗದವನ್ನು ಪುಟಪುಟವಾಗಿ ಓದಿ ಒಪ್ಪುತ್ತಾರೆ, ಆಕ್ಷೇಪಿಸುವುದಿದ್ದರೆ ಅದೇ ಕೊನೆಯ ಅವಕಾಶ ಎಂದೆ. ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು.

"ಆಕ್ಷೇಪ ಹೇಳಿದ್ರೆ ಮಾಸ್ಕೋ ಹೋಯ್ತು. ಅಲ್ವಾ?"

"ಹೋಯ್ತು."

"ಹೇಳಿದ್ರೆ ಅವನು ಆ ಪ್ಯಾರಾ ವಾಪಸ್ ಹಾಕ್ತಾನಾ?"

"ಇಲ್ಲ."

"ಅಧ್ಯಕ್ಷರು ಓದ್ತಾರಾ?"

"ಮೊದಲ ಎರಡು ಪುಟ ಓದಿದ್ರೆ ಹೆಚ್ಚು. ಅದು ಒಂಬತ್ತನೇ ಪುಟ."

"ಹಾಗಾದ್ರೆ ಯಾಕೋ? ಎರಡು ಸಲ ನೀನೇ ಹೊಡೆದು ಹಾಕಿದ್ದನ್ನ ಈಗ ತಲೆ ಮೇಲೆ ಹೊತ್ಕೊಂಡು ಕುಣೀತೀಯಲ್ಲ! ಇಪ್ಪತ್ತು ವರ್ಷದಿಂದ ಇದೇ ಮೇಜಲ್ಲಿ ಆ ಊರಿನ ಬೀದಿ ಹೆಸ್ರು ಕೇಳಿ ಕೇಳಿ ನಂಗೂ ಆ ಊರು ಅಂದ್ರೆ ಆಸೆ ಹುಟ್ಟಿಬಿಟ್ಟಿದೆ. ನನ್ನ ಆಸೆಗೆ ಬೆಲೆ ಇಲ್ವಾ?"

ಇದೆ. ಅದನ್ನೇ ಹೇಳಿದೆ. ಅವಳು ಪಾತ್ರೆ ತೊಳೆದಳು, ನಾನು ಒರೆಸಿದೆ. ನನಗೂ ಹೋಗಬೇಕು. ತುಂಬಾ ಹೋಗಬೇಕು. ಸುಮ್ಮನಿದ್ದುಬಿಡುವುದು ಎಂದು ತೀರ್ಮಾನಿಸಿದ್ದೇನೆ. ಸುಮ್ಮನಿರುವುದು ನನಗೆ ಅಭ್ಯಾಸವಿರುವ ಕೆಲಸ.

ಫೆಬ್ರವರಿ 13, ಶುಕ್ರವಾರ

ಉದ್ದನೆಯ ಮೇಜು, ಒಂಬತ್ತು ಜನ, ನೀರಿನ ಹೂಜಿ. ಲೈಲ್ ಒಂದೊಂದೇ ಪುಟ ತಿರುವುತ್ತಾ "ಆಕ್ಷೇಪ?" ಎನ್ನುತ್ತಿದ್ದ. ಯಾರೂ ಉಸಿರೆತ್ತದಿದ್ದರೆ ಮುಂದಿನ ಪುಟ. ಬಿಸಿಲು ಮೇಜಿನ ಮೇಲೆ ನಿಧಾನವಾಗಿ ಹರಿಯುತ್ತಿತ್ತು. ನನಗೆ ಅರೆನಿದ್ರೆ. ಎಂಟನೆಯ ಪುಟ ಕಳೆಯಿತು.

"ಒಂಬತ್ತು. ಆಕ್ಷೇಪ?"

"ಇದೆ," ಎಂದಿತು ಒಂದು ಧ್ವನಿ. ಎಲ್ಲರೂ ನನ್ನ ಕಡೆ ನೋಡಿದ್ದರಿಂದ ಅದು ನನ್ನದೇ ಎಂದು ಗೊತ್ತಾಯಿತು.

ಲೈಲ್ ಕನ್ನಡಕ ತೆಗೆದ. "ಆ ಪ್ಯಾರಾ ವಾಪಸ್ ಬರಲ್ಲ, ಥರ್ಲೋ ಅವ್ರೇ."

"ಬರೋದು ಬೇಡ. ನಾನು ಅಡಿಟಿಪ್ಪಣಿ ತಗೋತೀನಿ."

ಮೇಜಿನ ಸುತ್ತ ಒಂದು ಸಣ್ಣ ಗುಜುಗುಜು ಓಡಿತು. ಒಪ್ಪದ ವಿಭಾಗವೊಂದು ತನ್ನ ಮಾತನ್ನು ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ ಬರೆಸುವ ಹಕ್ಕು ನಮ್ಮಲ್ಲಿ ಮೊದಲಿಂದಲೂ ಇದೆ. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಅದನ್ನು ಬಳಸಿರಲಿಲ್ಲ. ಬಳಸಿದವರನ್ನು ಕಂಡು ಹಿಂದಿನಿಂದ ನಕ್ಕಿದ್ದೆ.

"ಯಾವ ವಿಭಾಗದ ಹೆಸರಲ್ಲಿ? ನಮ್ಮ ವಿಭಾಗದ ಹೆಸರು ನಾನು ಕೊಡಲ್ಲ."

"ನನ್ನ ಹೆಸರಲ್ಲಿ."

"ಒಬ್ಬ ಮನುಷ್ಯನ ಹೆಸರಲ್ಲಿ ಅಡಿಟಿಪ್ಪಣಿ ಇದುವರೆಗೆ ಬಂದಿಲ್ಲ," ಎಂದರು ಕಾನೂನು ವಿಭಾಗದವರು. "ಬರಬಾರದು ಅಂತಲೂ ಎಲ್ಲೂ ಬರೆದಿಲ್ಲ," ಎಂದು ಅವರೇ ಸೇರಿಸಿದರು.

ಸಭೆ ಮುಗಿದ ಮೇಲೆ ಲೈಲ್ ಮೊಗಸಾಲೆಯಲ್ಲಿ ನನ್ನ ಜೊತೆ ಹೆಜ್ಜೆ ಹಾಕಿದ.

"ನೀವು ಹೇಳಿದ್ದು ತಪ್ಪು ಅಂತ ನಾನು ಅಂದ್ಕೊಂಡಿಲ್ಲ," ಎಂದ. "ಆದ್ರೆ ಅಡಿಟಿಪ್ಪಣಿ ಬರ್ಸಿದೋರನ್ನ ಮಾಸ್ಕೋಗೆ ಕಳಿಸೋಕೆ ನನ್ನ ಕೈಲಾಗಲ್ಲ. ಮೇಲಿನೋರು ನನ್ನ ಚರ್ಮ ಸುಲೀತಾರೆ. ಗೊತ್ತಲ್ಲ?"

"ಗೊತ್ತು."

"ಯಾಕ್ ಸಾರ್ ಹೀಗ್ ಮಾಡಿದ್ರಿ?" ಮೊದಲ ಸಲ ಸಾರ್ ಎಂದ.

ಇದೇನು ಧೈರ್ಯವಲ್ಲ ಎಂದು ಖಂಡಿತ ಹೇಳಬಲ್ಲೆ. ನಿದ್ದೆಗಣ್ಣಿನಲ್ಲಿ ಬಾಯಿ ತಪ್ಪಿತು ಅಷ್ಟೆ.

ಫೆಬ್ರವರಿ 14, ಶನಿವಾರ

ನೆಲ್ ಆ ಬೂಟು ಹಾಕಿಕೊಂಡು ಕಸದ ಡಬ್ಬ ಹೊರಗಿಟ್ಟು ಬಂದಳು. ನಿನ್ನೆ ರಾತ್ರಿಯೇ ಅವಳಿಗೆ ಎಲ್ಲ ಹೇಳಿದ್ದೆ. ಮಧ್ಯಾಹ್ನ ರಷ್ಯನ್ ಪುಸ್ತಕ ನನ್ನ ಮುಂದೆ ತಂದಿಟ್ಟು, "ಇನ್ನೂ ಒಂದು ಪಾಠ ಬಾಕಿ ಇದೆ, ಕೇಳಿಸ್ಕೋ" ಎಂದಳು. ಕೇಳಿಸಿಕೊಂಡೆ. ಕೊನೆಯ ಸಾಲು ಓದುವಾಗ ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ. ಕ್ಷಮಿಸು ಎಂದೆ. "ಸುಮ್ನಿರು," ಎಂದಳು.

ಫೆಬ್ರವರಿ 17, ಮಂಗಳವಾರ

ಹೊಸ ಯಂತ್ರಕ್ಕೆ ಅಡಿಟಿಪ್ಪಣಿ ಹಾಕಲು ಬರುವುದಿಲ್ಲವಂತೆ. ಶ್ರೀಮತಿ ಪಿಂಕ್ನಿ ಹಳೆಯ ಟೈಪ್ ಯಂತ್ರದ ಮುಸುಕು ತೆಗೆದು, ಒಂಬತ್ತನೆಯ ಪುಟವನ್ನು ಸುರುಳಿಗೆ ಹಾಕಿ, ಬುಡದ ಖಾಲಿ ಜಾಗ ಬರುವವರೆಗೆ ತಿರುಗಿಸಿದರು.

"ಹೇಳಿ ಸಾರ್."

ಕಣ್ಣು ಮುಚ್ಚಿಕೊಂಡು ಹೇಳಿದೆ. "ಹೆದರಿದವರು ಹೆಚ್ಚು ಅಪಾಯಕಾರಿಗಳು. ಆದ್ದರಿಂದ ಮಾನ ಉಳಿಸಿಕೊಂಡು ಹಿಂದೆ ಸರಿಯಲು ಇಬ್ಬರಿಗೂ ಒಂದು ಬಾಗಿಲು ತೆರೆದಿರಬೇಕು."

ಕೀಲಿಗಳ ಸದ್ದು ನಿಂತಿತು.

"ಸಾರ್, ಮೊದ್ಲು 'ಎದುರಾಳಿ' ಅಂತಿತ್ತು. 'ಅವನಿಗೆ' ಅಂತಿತ್ತು."

"ನಾನೀಗ ಏನಂದೆ?"

"ಇಬ್ಬರಿಗೂ ಅಂದ್ರಿ."

ಇಪ್ಪತ್ತು ವರ್ಷದ ಬಾಯಿಪಾಠ ಹೇಗೆ ತಪ್ಪಿತೋ ಕಾಣೆ. ತಿದ್ದಲು ಹೊರಟೆ. ಅವರು ನನ್ನ ಮುಖ ನೋಡಿದರು, ಆಮೇಲೆ ಕಾಗದ ನೋಡಿದರು.

"ಟೈಪ್ ಮಾಡಿಬಿಟ್ಟಿದೀನಿ ಸಾರ್."

"ಹಾಗಾದ್ರೆ ಇರಲಿ."

ಅವರು ಒಂದು ಸಾಲು ಕೆಳಗೆ ಬಂದು ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕಾದರು.

"ಇನ್ನೇನು?" ಎಂದೆ.

"ಹೆಸರು. ಇಪ್ಪತ್ತು ವರ್ಷ ನಿಮ್ಮ ಮಾತು ಟೈಪ್ ಮಾಡಿದೀನಿ. ನಿಮ್ಮ ಹೆಸರು ಒಂದು ಸಲನೂ ಮಾಡಿಲ್ಲ. ಪೂರ್ತಿ ಹೇಳಿ, ನಿಧಾನಕ್ಕೆ."

ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ.